ಪ್ರಯೋಗಶಾಲೆಯ ಕಶ್ಮಲಕ್ಕೆ ಗತಿ ಯಾವುದು?

ಕರಾವಳಿಯ ಹಳೆಯ ಮನೆಗಳಲ್ಲಿ ಕಸವೆಂಬುದು ದೊಡ್ಡ ಸಮಸ್ಯೆಯಾಗಿರಲಿಲ್ಲ. ಒಲೆಯ ಬೂದಿ, ಮೀನಿನ ಮುಳ್ಳು, ಪಾತ್ರೆ ತೊಳೆದ ನೀರು ಎಲ್ಲವೂ ತೆಂಗಿನ ಬುಡವನ್ನು ಸೇರುತ್ತಿದ್ದವು. ಕೆಲಕಾಲದ ಮೇಲೆ ಎಳನೀರಾಗಿ ಮನೆಗೆ ಮರಳುತ್ತಿದ್ದವು. ಮಣ್ಣಿನಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಈ ಕಸವನ್ನು ಕೊಳೆಯಿಸಿ ಗೊಬ್ಬರ ಮಾಡುವುದರಿಂದಲೇ ಈ ಉಪಕಾರ ನಡೆಯುತ್ತದೆ. ಮಣ್ಣಿಗೆ ಹಾಕಿದ್ದು ಮಣ್ಣಾಗುವುದೆಂಬ ನಮ್ಮ ನಂಬಿಕೆ ನಿರಾಧಾರವಾದುದಲ್ಲ. ಆದರೆ ಎಸೆಯಬೇಕಾದ ಕಸವೇ ಸೂಕ್ಷ್ಮಜೀವಿಗಳ ರಾಶಿಯಾಗಿದ್ದರೆ ಏನು ಮಾಡುವುದು? ಕೊಳೆಯಿಸುವವನನ್ನು ಕೊಳೆಯಿಸುವವರು ಯಾರು?

ಈ ಪ್ರಶ್ನೆ ಈಗ ದೂರದ ನಗರಗಳದ್ದು ಮಾತ್ರವಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳೀ ನದಿ ಕಡಲನ್ನು ಕೂಡುವ ಎಡೆಯಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಅದೇ ಊರಿನಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಶಾಖೆಯುಂಟು; ೨೦೧೩ರಿಂದ ವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಅಂಕೋಲೆಯಲ್ಲಿ ೧೯೬೬ರಲ್ಲಿ ಗೋಖಲೆಯವರ ಜನ್ಮಶತಾಬ್ದಿಯ ನೆನಪಿಗೆ ಸ್ಥಾಪಿತವಾದ ಕಾಲೇಜಿದೆ. ಇಂಥ ಸಂಸ್ಥೆಗಳಲ್ಲಿ ಜೀವಶಾಸ್ತ್ರದ ಪಾಠ ನಡೆಯುವುದೆಂದರೆ ಜೀವಿಗಳನ್ನು ಕೊಯ್ದು ನೋಡುವುದು, ಬೆಳೆಸಿ ನೋಡುವುದು ಎಂದೇ ಅರ್ಥ. ನೋಡಿ ಮುಗಿದ ಮೇಲೆ ಉಳಿಯುವುದೇ ಜೈವಿಕ ಕಶ್ಮಲ. ಕರಾವಳಿಯ ನೆಲ, ನೀರು, ಮಳೆಗಳ ನಡುವೆ ಅದಕ್ಕೆ ಯಾವ ಗತಿ ಕಾಣಿಸಬೇಕೆಂಬುದನ್ನು ಇಲ್ಲಿ ವಿಚಾರಿಸೋಣ.

ಕಶ್ಮಲದಲ್ಲಿ ಏನಿದೆ?

ಮೊದಲನೆಯದು, ಕೊಯ್ದ ಪ್ರಾಣಿಗಳ ದೇಹಭಾಗಗಳು. ಎರಡನೆಯದು, ಸೂಜಿ, ಅಲಗು, ಒಡೆದ ಗಾಜು. ಮೂರನೆಯದು, ರಕ್ತವೋ ಸೋಂಕಿದ ದ್ರವವೋ ತಗುಲಿದ ಕೈಗವಸು, ಹತ್ತಿ, ಪ್ಲಾಸ್ಟಿಕ್ ನಳಿಕೆಗಳು. ನಾಲ್ಕನೆಯದೂ ಎಲ್ಲಕ್ಕಿಂತ ವಿಚಾರಣೀಯವೂ ಆದುದು, ಬೆಳೆಸಿದ ಬ್ಯಾಕ್ಟೀರಿಯಗಳ ತಟ್ಟೆಗಳು.

ಈ ತಟ್ಟೆಗಳನ್ನು ಪೆಟ್ರಿ ತಟ್ಟೆಗಳೆನ್ನುತ್ತಾರೆ. ೧೮೮೭ರಲ್ಲಿ ಜರ್ಮನಿಯ ಯೂಲಿಯುಸ್ ಪೆಟ್ರಿ ಇವನ್ನು ಬಳಕೆಗೆ ತಂದನು. ತಟ್ಟೆಯಲ್ಲಿ ಅಗರ್ ಎಂಬ ಲೋಳೆಯನ್ನು ಹೆಪ್ಪುಗಟ್ಟಿಸಿರುತ್ತಾರೆ. ಅಗರ್ ಕಡಲ ಪಾಚಿಯಿಂದ ತೆಗೆದ ವಸ್ತು. ಅದರಲ್ಲಿ ಆಹಾರಾಂಶಗಳನ್ನು ಬೆರೆಸಿ, ಮೀನಿನ ಕರುಳಿನಿಂದಲೋ ಅಳಿವೆಯ ನೀರಿನಿಂದಲೋ ಒಂದು ಬಿಂದುವನ್ನು ಸವರಿಟ್ಟರೆ ಮರುದಿನ ಬೆಳಗ್ಗೆ ಅಲ್ಲಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಕಾಣುತ್ತವೆ. ಒಂದೊಂದು ಗುಳ್ಳೆಯೂ ಒಂದೊಂದು ಬ್ಯಾಕ್ಟೀರಿಯದ ಸಂತಾನ. ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುವ ಜೀವಿಯೊಂದು ಎಂಟು ಗಂಟೆಗಳಲ್ಲಿ ಇಪ್ಪತ್ನಾಲ್ಕು ಸಲ ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿದರೆ ಒಂದು ಹೋಗಿ ೧ ಕೋಟಿ ೬೭ ಲಕ್ಷವಾಗಿರುತ್ತದೆ!

ಪ್ರಯೋಗಶಾಲೆಯ ಕಶ್ಮಲಕ್ಕೂ ಮನೆಯ ಕಸಕ್ಕೂ ಇರುವ ಅಂತರ ಇಲ್ಲಿಯೇ ಇದೆ. ಪ್ರಕೃತಿಯಲ್ಲಿ ವಿರಳವಾಗಿ ಚದುರಿದ್ದ ಜೀವಿಯನ್ನು ನಾವು ಹುಡುಕಿ, ಪ್ರತ್ಯೇಕಿಸಿ, ಉಣಿಸಿ, ಕೋಟಿಗಟ್ಟಲೆ ಮಾಡಿರುತ್ತೇವೆ. ಇವುಗಳಲ್ಲಿ ಬಹುಪಾಲು ನಿರುಪದ್ರವಿಗಳೆಂಬುದು ನಿಜ. ಆದಕಾರಣ ವಿನಾಕಾರಣ ಭಯಪಡಬೇಕಾದುದಿಲ್ಲ. ಅಪಾಯದ ತರತಮವನ್ನು ನೋಡಿ ಸೂಕ್ಷ್ಮಜೀವಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಕಾಲೇಜುಗಳಲ್ಲಿ ಬೆಳೆಸತಕ್ಕವು ಸಾಮಾನ್ಯವಾಗಿ ಮೊದಲಿನ ಎರಡು ವರ್ಗದವು. ಮೇಲಿನ ವರ್ಗಗಳ ಉಗ್ರತೆ ಎಂಥದೆಂಬುದಕ್ಕೆ ಉತ್ತರ ಕನ್ನಡದವರು ದೂರ ನೋಡಬೇಕಾಗಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ವೈರಾಣು ಕಾಡಿಗೆ ಹೋದವರನ್ನು ಮಾತ್ರವಲ್ಲ, ಅದನ್ನು ಪರೀಕ್ಷಿಸಲು ಕುಳಿತ ಪ್ರಯೋಗಶಾಲೆಯವರನ್ನೂ ಹಿಡಿಯಿತು. ಯಾವ ವರ್ಗದ್ದೆಂದು ಮೊದಲೇ ತಿಳಿಯದ ಜೀವಿಯೂ ತಟ್ಟೆಯಲ್ಲಿ ಬೆಳೆಯಬಹುದಾದುದರಿಂದ, ಬೆಳೆದ ತಟ್ಟೆಗಳೆಲ್ಲವನ್ನೂ ಅಪಾಯಕರವೆಂದೇ ಭಾವಿಸಿ ನಡೆಯುವುದು ಲೋಕದ ಎಲ್ಲ ಒಳ್ಳೆಯ ಪ್ರಯೋಗಶಾಲೆಗಳ ಪದ್ಧತಿ.

ಕಡಲಿಗೆ ಚೆಲ್ಲಿದರೆ?

ಕಡಲು ಅಪಾರ, ಅದರ ನೀರು ಉಪ್ಪು. ಉಪ್ಪು ಎಲ್ಲವನ್ನೂ ಶುದ್ಧಿಮಾಡುತ್ತದೆ ಎನ್ನುವವರುಂಟು. ಉಪ್ಪಿನಲ್ಲಿ ಹಾಕಿದ ಮೀನು ಕೆಡುವುದಿಲ್ಲವಷ್ಟೆ. ಆದರೆ ಮೀನಿಗೆ ಹಾಕುವ ಉಪ್ಪಿನ ಪ್ರಮಾಣವೇ ಬೇರೆ. ಕಡಲ ನೀರಿನಲ್ಲಿರುವುದು ನೂರಕ್ಕೆ ಸುಮಾರು ಮೂರೂವರೆ ಪಾಲು ಮಾತ್ರ. ಅಷ್ಟು ಉಪ್ಪು ಇಲ್ಲದೆ ಬೆಳೆಯಲಾರದ ಬ್ಯಾಕ್ಟೀರಿಯಗಳೇ ಇವೆ. ೧೯೫೦ರಲ್ಲಿ ಜಪಾನಿನ ಒಸಾಕಾ ಪ್ರಾಂತದಲ್ಲಿ ಎಳೆಯ ಮೀನಿನ ಖಾದ್ಯವನ್ನು ತಿಂದು ೨೭೨ ಮಂದಿ ಕಾಯಿಲೆಬಿದ್ದರು, ೨೦ ಮಂದಿ ಸತ್ತರು. ಫುಜಿನೊ ಎಂಬ ವಿಜ್ಞಾನಿ ಆಗ ಕಂಡುಹಿಡಿದ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಜೀವಿ ಉಪ್ಪುನೀರಿನ ನಿವಾಸಿ. ಕಾಲರದ ಜೀವಾಣುವಿಗೆ ದಾಯಾದಿ. ಬೆಚ್ಚಗಿನ ಅಳಿವೆಗಳು ಅದಕ್ಕೆ ಹಿತಕರವಾದ ತವರು.

ಅಳಿವೆಯಲ್ಲಿ ಇನ್ನೊಂದು ವಿಶೇಷವುಂಟು. ಕಾಳೀ, ಗಂಗಾವಳಿ ನದಿಗಳ ಬಾಯಲ್ಲಿ ಜನರು ಹೆಕ್ಕಿ ತಿನ್ನುವ ಬೆಳಚು ಮೊದಲಾದ ಚಿಪ್ಪುಜೀವಿಗಳು ನೀರನ್ನು ಸೋಸಿಯೇ ಬದುಕತಕ್ಕವು. ಒಂದು ದೊಡ್ಡ ಚಿಪ್ಪುಜೀವಿ ಗಂಟೆಗೆ ಕೆಲವು ಲೀಟರು ನೀರನ್ನು ತನ್ನ ಕಿವಿರುಗಳ ಮೂಲಕ ಹಾಯಿಸಿ, ಅದರಲ್ಲಿರುವ ಸೂಕ್ಷ್ಮಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ನಾವು ನೀರಿನಲ್ಲಿ ಚೆಲ್ಲಿ ಚದುರಿಸಿದೆವೆಂದು ತಿಳಿದುದನ್ನು ಚಿಪ್ಪು ಮತ್ತೆ ಒಂದೆಡೆ ಕೂಡಿಸುತ್ತದೆ. ಅಲ್ಲಿಂದ ಅದು ಊಟದ ಬಟ್ಟಲಿಗೆ ಬರಲು ಹೆಚ್ಚು ಕಾಲ ಬೇಡ.

ರೋಗ ತಾರದ ಜೀವಿಯನ್ನಾದರೂ ಚೆಲ್ಲಬಹುದೇ? ಅದೂ ಸಲ್ಲದು. ೧೯೮೪ರಲ್ಲಿ ಮೊನಾಕೊ ಪಟ್ಟಣದ ಸಾಗರವಿಜ್ಞಾನ ಸಂಗ್ರಹಾಲಯದ ಕೆಳಗಿನ ಕಡಲಿನಲ್ಲಿ ಕಾಲರ್ಪ ಎಂಬ ಹಸಿರು ಪಾಚಿ ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಕಾಣಿಸಿತು. ಗಾಜಿನ ತೊಟ್ಟಿಗಳ ಅಲಂಕಾರಕ್ಕಾಗಿ ಸಾಕುತ್ತಿದ್ದ ಉಷ್ಣಪ್ರದೇಶದ ತಳಿ ಅದು. ಮುಂದೆ ಅದು ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳ ತೀರದಲ್ಲಿ ಹಬ್ಬಿ ಅಲ್ಲಿಯ ಸಹಜ ಕಡಲಹುಲ್ಲನ್ನು ಒತ್ತಿಹಾಕಿತು. ಪ್ರಯೋಗಕ್ಕಾಗಿ ಹೊರಗಿನಿಂದ ತರಿಸಿದ ಪಾಚಿಯನ್ನೋ ಸಣ್ಣ ಜೀವಿಯನ್ನೋ ತೊಟ್ಟಿಯ ನೀರಿನೊಡನೆ ಹೊರಬಿಡುವ ಮುನ್ನ ಕಡಲತೀರದ ಪ್ರತಿಯೊಂದು ಪ್ರಯೋಗಶಾಲೆಯೂ ನೆನೆಯಬೇಕಾದ ಸಂಗತಿ ಇದು.

ಹೂಳಿದರೆ? ಸುಟ್ಟರೆ?

ಭಾರತ ಸರಕಾರವು ಜೀವವೈದ್ಯಕೀಯ ತ್ಯಾಜ್ಯದ ಬಗ್ಗೆ ೧೯೯೮ರಲ್ಲಿ ನಿಯಮಗಳನ್ನು ಮಾಡಿ, ೨೦೧೬ರಲ್ಲಿ ಹೊಸದಾಗಿ ರೂಪಿಸಿತು. ಸಂಶೋಧನ ಸಂಸ್ಥೆಗಳಿಗೂ ವಿದ್ಯಾಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. ಬೇರೆ ಸೌಕರ್ಯವಿಲ್ಲದ ದೂರದ ಹಳ್ಳಿಗಳಲ್ಲಿ ಆಳವಾಗಿ ಹೂಳಲು ಅವು ಅವಕಾಶ ಕೊಡುತ್ತವೆ, ಆದರೆ ಕಟ್ಟುನಿಟ್ಟಿನ ನಿಬಂಧನೆಗಳೊಡನೆ. ಗುಂಡಿ ಸುಮಾರು ಎರಡು ಮೀಟರು ಆಳವಿರಬೇಕು. ಅರ್ಧದಷ್ಟು ಮಾತ್ರ ತುಂಬಿ, ಸುಣ್ಣ ಹಾಕಿ, ಮಣ್ಣು ಮುಚ್ಚಬೇಕು. ನೆಲ ನೀರನ್ನು ಸುಲಭವಾಗಿ ಇಳಿಸತಕ್ಕದ್ದಾಗಿರಬಾರದು. ಸಮೀಪದಲ್ಲಿ ಬಾವಿ ಇರಬಾರದು. ಅಂತರ್ಜಲವು ಗುಂಡಿಯ ತಳಕ್ಕಿಂತ ಕನಿಷ್ಠ ಆರು ಮೀಟರು ಕೆಳಗಿರಬೇಕು.

ಅಂದರೆ ಎಂಟು ಮೀಟರು ಅಗೆದರೂ ನೀರು ಕಾಣಬಾರದು! ಕಡಲತಡಿಯ ಮರಳಿನಲ್ಲಿ ಇದು ಎಲ್ಲಿ ಸಾಧ್ಯ? ಅಲ್ಲಿ ಕೊಡಪಾನ ಕೆಲವೇ ಮೊಳ ಇಳಿದರೆ ನೀರು ಮುಟ್ಟುತ್ತದೆ. ಮಳೆಗಾಲದಲ್ಲಿ ಬಾವಿ ಬಾಯ್ತನಕ ತುಂಬುತ್ತದೆ. ತುಸು ಒಳನಾಡಿನ ಕೆಂಪು ಜಂಬಿಟ್ಟಿಗೆ ನೆಲವಾದರೋ ತೂತುತೂತಾದುದು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲ್ಲಿಮೀಟರು ಸುರಿಯುವ ಮಳೆಯನ್ನು ಅದು ನೇರವಾಗಿ ಒಳಕ್ಕೆ ಕುಡಿಯುತ್ತದೆ. ಹೂಳಿದ್ದು ಮಣ್ಣಾಗುವ ಮೊದಲೇ ನೆರೆಯವರ ಬಾವಿಯ ದಾರಿ ಹಿಡಿಯಬಹುದು. ಹೀಗಿರಲು ಕಾರವಾರ ಅಂಕೋಲೆಗಳ ತೀರದಲ್ಲಿ ಹೂಳುವ ಮಾತನ್ನು ಬಿಡುವುದೇ ಲೇಸು.

ಇನ್ನು ಹಿತ್ತಲಿನಲ್ಲಿ ಸುಡುವುದು. ತೋಯ್ದ ಕಸ ಹೊಗೆಯಾಡುತ್ತದೆಯೇ ಹೊರತು ಉರಿಯುವುದಿಲ್ಲ. ಅದರ ಒಡಲು ಬೆಚ್ಚಗಾಗಿ ಮಾತ್ರ ಉಳಿಯುತ್ತದೆ. ಕ್ಲೋರಿನ್ ಸೇರಿದ ಪ್ಲಾಸ್ಟಿಕ್ಕು ಕಡಿಮೆ ಉರಿಯಲ್ಲಿ ಬೆಂದಾಗ ಡಯಾಕ್ಸಿನ್ ಎಂಬ ದೀರ್ಘಕಾಲ ಉಳಿಯುವ ವಿಷಗಳು ಹುಟ್ಟುತ್ತವೆ. ಸರಿಯಾದ ದಹನ ಕುಲುಮೆಗೆ ಎರಡು ಕೋಣೆಗಳಿರಬೇಕು: ಮೊದಲನೆಯದರಲ್ಲಿ ಕನಿಷ್ಠ ೮೦೦ ಡಿಗ್ರಿ ಸೆಲ್ಸಿಯಸ್, ಹೊಗೆ ಹಾಯುವ ಎರಡನೆಯದರಲ್ಲಿ ಸುಮಾರು ೧೦೫೦ ಡಿಗ್ರಿ. ಅಂಥ ಕುಲುಮೆಯನ್ನು ಕಾಲೇಜೊಂದು ಕಟ್ಟಿಕೊಳ್ಳುವುದು ಅಸಾಧ್ಯ. ಅನೇಕ ಸಂಸ್ಥೆಗಳಿಗೆ ಸಾಮಾನ್ಯವಾದ ಒಂದು ಕೇಂದ್ರಕ್ಕೆ ಕಸವನ್ನು ಸಾಗಿಸುವುದೇ ಈಗಿನ ವ್ಯವಸ್ಥೆ.

ಕೊಳವೆಯಲ್ಲಿ ಹರಿಯಬಿಟ್ಟರೆ?

ಕೈತೊಳೆಯುವ ಬಚ್ಚಲಿಗೆ ಸುರಿದದ್ದು ಕಣ್ಣಿಗೆ ಮರೆಯಾಗುತ್ತದೆ. ಆದರೆ ಎಲ್ಲಿಗೆ ಹೋಗುತ್ತದೆ? ೨೦೦೭ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ಸರ್‍ರೆ ಪ್ರಾಂತದ ದನಗಳಲ್ಲಿ ಕಾಲುಬಾಯಿ ರೋಗ ತಲೆದೋರಿತು. ರೋಗದ ವೈರಾಣುವನ್ನು ಪರೀಕ್ಷಿಸಿದಾಗ ಅದು ಹೊಲಗಳಲ್ಲಿ ಸಂಚರಿಸುತ್ತಿದ್ದ ತಳಿಯಲ್ಲ, ಪ್ರಯೋಗಶಾಲೆಗಳಲ್ಲಿ ಇಟ್ಟುಕೊಂಡಿದ್ದ ಹಳೆಯ ತಳಿಯೆಂದು ತಿಳಿದುಬಂತು. ಕೆಲವೇ ಕಿಲೋಮೀಟರು ದೂರದ ಪಿರ್‌ಬ್ರೈಟ್ ಎಂಬಲ್ಲಿ ಪ್ರಾಣಿರೋಗಗಳ ಸಂಶೋಧನೆಯೂ ಲಸಿಕೆಯ ತಯಾರಿಕೆಯೂ ಒಂದೇ ಆವರಣದಲ್ಲಿ ನಡೆಯುತ್ತಿದ್ದವು. ಅಲ್ಲಿ ಕಶ್ಮಲದ ನೀರಿಗೆ ಮೊದಲೊಮ್ಮೆ ಔಷಧ ಬೆರೆಸಿ, ನೆಲದಡಿಯ ಕೊಳವೆಯಲ್ಲಿ ಹರಿಸಿ, ಕೊನೆಯ ಶುದ್ಧೀಕರಣದ ತೊಟ್ಟಿಗೆ ಒಯ್ಯುತ್ತಿದ್ದರು. ಕೊಳವೆ ಹಳೆಯದು, ಅದು ಸೋರುತ್ತಿತ್ತು, ಮರದ ಬೇರುಗಳು ಒಳಹೊಕ್ಕಿದ್ದವು. ಆ ಬೇಸಗೆಯಲ್ಲಿ ಅತಿವೃಷ್ಟಿಯಾಯಿತು. ಸೋರಿದ ವೈರಾಣು ಮಣ್ಣಿಗಿಳಿದು, ಅಲ್ಲಿ ಕಟ್ಟಡದ ಕೆಲಸಕ್ಕೆ ಬಂದ ವಾಹನಗಳ ಚಕ್ರಕ್ಕೆ ಅಂಟಿ ಹೊರಬಿದ್ದಿರಬೇಕೆಂದು ತನಿಖೆ ಮಾಡಿದವರು ತೀರ್ಮಾನಿಸಿದರು.

ಇದರಲ್ಲಿ ನಾವು ಗಮನಿಸತಕ್ಕ ಅಂಶವಿಷ್ಟು: ವಿಜ್ಞಾನಿಗಳು ಅಜ್ಞರಾಗಿರಲಿಲ್ಲ, ಶುದ್ಧೀಕರಣದ ಏರ್ಪಾಡೂ ಇತ್ತು. ಆದರೆ ಜೀವಾಣುವನ್ನು ಕೊಲ್ಲುವ ಕೆಲಸವನ್ನು ಪೂರ್ಣವಾಗಿ ಮುಗಿಸದೆ ಅದನ್ನು ದಾರಿಗೆ ಬಿಟ್ಟಿದ್ದರು. ದಾರಿಯಲ್ಲಿ ಒಂದು ಬಿರುಕು, ಒಂದು ದೊಡ್ಡ ಮಳೆ, ಇಷ್ಟೇ ಸಾಕಾಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಚರಂಡಿಯೂ ರಸ್ತೆಯೂ ಒಂದಾಗಿ ಹರಿಯುವ ಊರುಗಳಿಗೆ ಈ ಪಾಠ ಬಲು ಹತ್ತಿರದ್ದು.

ಉಗಿಯ ಮಹಿಮೆ

ಹಾಗಾದರೆ ಉಪಾಯವೇನು? ಬೆಳೆಸಿದ್ದನ್ನು ಬೆಳೆಸಿದ ಕೋಣೆಯಲ್ಲೇ ಕೊಂದು ಮುಗಿಸುವುದು. ಇದಕ್ಕೆ ಉಪಕರಣ ಆಟೋಕ್ಲೇವು. ಪಾಸ್ಚರನ ಸಹೋದ್ಯೋಗಿ ಶಾರ್ಲ್ ಶಾಂಬರ್ಲಾನ್ ೧೮೭೯ರಲ್ಲಿ ರೂಪಿಸಿದ್ದು. ನಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರು ಅದರ ತಂಗಿ. ಮುಚ್ಚಿದ ಪಾತ್ರೆಯಲ್ಲಿ ಉಗಿಯ ಒತ್ತಡವನ್ನು ವಾಯುಭಾರಕ್ಕಿಂತ ಚದರ ಅಂಗುಲಕ್ಕೆ ೧೫ ಪೌಂಡಿನಷ್ಟು ಏರಿಸಿದರೆ ಉಷ್ಣತೆ ೧೨೧ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ.

ಬರಿಯ ಕುದಿನೀರು ಏಕೆ ಸಾಲದು? ಕೆಲವು ಬ್ಯಾಕ್ಟೀರಿಯಗಳು ಕಷ್ಟಕಾಲದಲ್ಲಿ ಬೀಜಾಣುವಾಗಿ, ಗಟ್ಟಿ ಕವಚದೊಳಗೆ ನೀರಿನಂಶವನ್ನು ತೀರ ಕುಗ್ಗಿಸಿಕೊಂಡು, ನಿದ್ರಿಸುತ್ತವೆ. ಕುದಿನೀರಿನಲ್ಲಿ ಗಂಟೆಗಟ್ಟಲೆ ಬದುಕಬಲ್ಲ ಬೀಜಾಣುಗಳೂ ಉಂಟು. ಒಣ ಕಾವಿನಿಂದ ಇವನ್ನು ಕೊಲ್ಲಬೇಕಾದರೆ ೧೬೦ ಡಿಗ್ರಿಯಲ್ಲಿ ಎರಡು ಗಂಟೆ ಬೇಕು. ಒತ್ತಡದ ಉಗಿಯಾದರೆ ೧೨೧ ಡಿಗ್ರಿಯಲ್ಲಿ ನಿಮಿಷಗಳೇ ಸಾಕು. ಇದಕ್ಕೆ ಕಾರಣ ಉಗಿಯ ಗುಪ್ತೋಷ್ಣ. ಒಂದು ಗ್ರಾಮು ಕುದಿನೀರು ಒಂದು ಡಿಗ್ರಿ ತಣಿದರೆ ಕೊಡುವುದು ಒಂದು ಕ್ಯಾಲೊರಿ ಮಾತ್ರ. ಒಂದು ಗ್ರಾಮು ಉಗಿ ನೀರಾದಾಗ ಸುಮಾರು ೫೪೦ ಕ್ಯಾಲೊರಿಗಳನ್ನು ಸುರಿದುಬಿಡುತ್ತದೆ. ಅದರ ತೇವವೂ ಸೇರಿ ಜೀವಿಯ ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತವೆ.

ಆದರೆ ಉಗಿ ಮುಟ್ಟದ ಕಡೆ ಈ ಮಹಿಮೆ ನಡೆಯದು. ಪಾತ್ರೆಯಲ್ಲಿ ಗಾಳಿ ಉಳಿದಿದ್ದರೆ ಮಾಪಕ ೧೫ ಪೌಂಡು ತೋರಿಸಿದರೂ ಒಳಗಿನ ಕಾವು ಅಷ್ಟಿರುವುದಿಲ್ಲ: ಅರ್ಧ ಗಾಳಿ ಉಳಿದರೆ ೧೧೨ ಡಿಗ್ರಿ, ಗಾಳಿಯನ್ನು ಹೊರಬಿಡದೆಯೇ ಇದ್ದರೆ ೧೦೦ ಡಿಗ್ರಿ ಮಾತ್ರ. ಚೀಲದ ಬಾಯನ್ನು ಬಿಗಿದು ಕಟ್ಟಿ ಒಳಗಿಟ್ಟರೆ ನಡುವಿನ ತಟ್ಟೆಗಳು ಬೆಚ್ಚನೆ ಹಾಸಿಗೆಯಲ್ಲಿ ಮಲಗಿದಂತೆಯೇ ಸರಿ. ಆದಕಾರಣ ಚೀಲವನ್ನು ಸಡಿಲವಾಗಿ ಮಡಿಸಬೇಕು, ಕಿಕ್ಕಿರಿದು ತುಂಬಬಾರದು, ಮೊದಲು ಗಾಳಿಯನ್ನು ಪೂರ್ಣವಾಗಿ ಹೊರಹೋಗಗೊಡಬೇಕು. ಶುದ್ಧ ಉಪಕರಣಗಳಿಗೆ ಹದಿನೈದು ನಿಮಿಷ ಸಾಕಾದರೂ, ಕಶ್ಮಲಕ್ಕೆ ಸಾದಾ ಆಟೋಕ್ಲೇವಿನಲ್ಲಿ ೧೨೧ ಡಿಗ್ರಿಯಲ್ಲಿ ಒಂದು ಗಂಟೆಗೆ ಕಡಿಮೆಯಿಲ್ಲದಂತೆ ಇಡತಕ್ಕದ್ದೆಂದು ನಿಯಮ ಹೇಳುತ್ತದೆ.

ಕೆಲಸ ಆಯಿತೆಂದು ತಿಳಿಯುವ ಬಗೆ ಹೇಗೆ? ಕಾವಿಗೆ ಬಣ್ಣ ಬದಲಿಸುವ ಪಟ್ಟಿ ಒಂದು ಗುರುತು. ಆದರೆ ಅದು ಕಾವು ತಟ್ಟಿತೆಂದಷ್ಟೇ ಹೇಳುತ್ತದೆ. ನಿಜವಾದ ಸಾಕ್ಷಿ ಒಂದು ಬ್ಯಾಕ್ಟೀರಿಯವೇ. ಜಿಯೊಬ್ಯಾಸಿಲಸ್ ಎಂಬ ಶಾಖಪ್ರಿಯ ಜೀವಿಯ ಹತ್ತು ಲಕ್ಷ ಬೀಜಾಣುಗಳಿರುವ ಸಣ್ಣ ನಳಿಕೆಯನ್ನು ಚೀಲಗಳ ನಡುವೆ ಇಟ್ಟು ಬೇಯಿಸಿ, ಆಮೇಲೆ ಅದನ್ನು ಬೆಚ್ಚಗಿರಿಸಿ ಕಾಯುತ್ತಾರೆ. ಅದರಲ್ಲಿ ಏನೂ ಬೆಳೆಯದಿದ್ದರೆ ಉಳಿದವೂ ಸತ್ತವೆಂದು ನಂಬಬಹುದು. ಬೆಂದು ಕರಗಿದ ಅಗರನ್ನು ಬಚ್ಚಲಿಗೆ ಸುರಿಯದಿರುವುದೂ ಜಾಣತನ. ತಣಿದೊಡನೆ ಅದು ಕೊಳವೆಯಲ್ಲೇ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ.

ಔಷಧ ದ್ರವಗಳ ಮಿತಿ

ಬೇಯಿಸಲು ಬಾರದ ಮೇಜು, ಚೆಲ್ಲಿದ ದ್ರವ, ಅದ್ದುವ ನಳಿಕೆ ಇವುಗಳಿಗೆ ಕ್ಲೋರಿನ್ ದ್ರಾವಣ ಬೇಕಾಗುತ್ತದೆ. ನೂರಕ್ಕೆ ಒಂದೆರಡು ಪಾಲು ಸೋಡಿಯಂ ಹೈಪೊಕ್ಲೋರೈಟು ಇರುವ ದ್ರಾವಣ ಒಳ್ಳೆಯ ಕೆಲಸಗಾರ. ಆದರೆ ಅದು ಬಿಸಿಲಿಗೆ, ಸೆಕೆಗೆ, ಕೊಳೆಗೆ ಬೇಗನೆ ನಿಸ್ಸತ್ವವಾಗುತ್ತದೆ. ಕರಾವಳಿಯ ಬೇಸಗೆಯಲ್ಲಿ ಸೀಸೆಯ ಮೇಲಿನ ದಿನಾಂಕವನ್ನು ಓದುವುದೂ ವಿಜ್ಞಾನದ ಭಾಗವೇ. ೨೦೧೯ರಲ್ಲಿ ಚೀನದ ಲಾನ್‌ಝೌ ನಗರದ ಲಸಿಕೆ ಕಾರ್ಖಾನೆಯೊಂದರಲ್ಲಿ ಅವಧಿ ಮೀರಿದ ಕ್ರಿಮಿನಾಶಕವನ್ನು ಬಳಸಿದ್ದರಿಂದ ಹೊರಹೋಗುವ ಗಾಳಿಯಲ್ಲಿ ಬ್ರುಸೆಲ್ಲ ಜೀವಾಣುಗಳು ಉಳಿದವು. ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಸೋಂಕಿನ ಗುರುತು ಕಂಡುಬಂತು. ಔಷಧವಿತ್ತು, ಅದರ ಸತ್ವ ಹೋಗಿತ್ತು.

ಬೆರಕೆಯೂ ಅಪಾಯಕರ. ಕ್ಲೋರಿನ್ ದ್ರಾವಣಕ್ಕೆ ಆಮ್ಲ ಬಿದ್ದರೆ ವಿಷಾನಿಲ ಹೊರಡುತ್ತದೆ. ಅದರಲ್ಲಿ ನೆನೆದುದನ್ನು ಆಟೋಕ್ಲೇವಿಗೆ ಹಾಕಬಾರದು. ಮೀನು, ಏಡಿಗಳನ್ನು ಕಾಪಾಡುವ ಫಾರ್ಮಲಿನ್ನೂ ಅಷ್ಟೇ: ಬಿಸಿಯಾದರೆ ಅದರ ಆವಿ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ. ಅದನ್ನು ಚರಂಡಿಗೆ ಬಿಡದೆ, ಬೇರೆ ಪಾತ್ರೆಯಲ್ಲಿ ಹೆಸರು ಬರೆದು ಕೂಡಿಟ್ಟು, ರಾಸಾಯನಿಕ ಕಶ್ಮಲವೆಂದು ಒಪ್ಪಿಸಬೇಕು.

ನಾಲ್ಕು ಬಣ್ಣ, ನಲವತ್ತೆಂಟು ಗಂಟೆ

ಬೇರ್ಪಡಿಸುವುದಕ್ಕಾಗಿ ನಾಲ್ಕು ಬಣ್ಣಗಳನ್ನು ಗೊತ್ತುಮಾಡಿದ್ದಾರೆ. ದೇಹಭಾಗಗಳಿಗೂ, ಮೊದಲೇ ಬೇಯಿಸಿದ ಜೀವಾಣು ತಟ್ಟೆಗಳಿಗೂ ಹಳದಿ, ಸೋಂಕಿದ ಪ್ಲಾಸ್ಟಿಕ್ಕಿಗೆ ಕೆಂಪು, ಸೂಜಿ, ಅಲಗುಗಳಿಗೆ ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿ, ಗಾಜಿಗೆ ನೀಲಿ. ಸಂಸ್ಕರಿಸದ ದೇಹಭಾಗಗಳನ್ನೂ ಜೀವಾಣು ಕಶ್ಮಲವನ್ನೂ ನಲವತ್ತೆಂಟು ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಇಡಲೇಬೇಕಾದರೆ ಕೇಡಾಗದಂತೆ ಕಾಪಾಡಿ, ಕಾರಣವನ್ನು ಅಧಿಕಾರಿಗಳಿಗೆ ತಿಳಿಸಬೇಕು.

ಈ ಎರಡು ದಿನಗಳ ಗಡುವು ರಸ್ತೆ ಸುಗಮವಾಗಿರುವುದೆಂಬ ಭರವಸೆಯ ಮೇಲೆ ನಿಂತಿದೆ. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿತ್ತು. ಹಲವರು ಪ್ರಾಣ ತೆತ್ತರು, ಅನೇಕ ದಿನ ಸಂಚಾರ ಕಡಿದಿತ್ತು. ಸುಮಾರು ಮೂರು ವಾರಗಳ ಬಳಿಕ, ಆಗಸ್ಟ್ ೭ರ ನಡುರಾತ್ರಿ ಕಳೆದ ಮೇಲೆ, ಕೋಡಿಬಾಗದ ಬಳಿ ಕಾಳೀ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಇಂಥ ದಿನಗಳಲ್ಲಿ ಕಸದ ವಾಹನ ಬಾರದಿರುವುದು ಆಶ್ಚರ್ಯವಲ್ಲ. ವಿದ್ಯುತ್ತೂ ಕೈಕೊಡಬಹುದು, ಶೀತಪೆಟ್ಟಿಗೆಯೂ ಆಟೋಕ್ಲೇವೂ ಒಟ್ಟಿಗೆ ನಿಲ್ಲಬಹುದು. ಆದಕಾರಣ ಘಟ್ಟದ ಕೆಳಗಿನ ಪ್ರಯೋಗಶಾಲೆಗೆ ತಟ್ಟೆಗಳನ್ನು ಅಂದಂದೇ ಬೇಯಿಸುವ ಅಭ್ಯಾಸ, ಅನಿಲದಿಂದಲೂ ಕಾಯಬಲ್ಲ ಒಂದು ಸಣ್ಣ ಆಟೋಕ್ಲೇವು, ಮಳೆನೀರು ಮುಟ್ಟದ ಎತ್ತರದ ಬೀಗದ ಕೋಣೆ, ಇವು ಅತ್ಯಾವಶ್ಯಕ. ಮಳೆ ಬಲವಾಗಿರುವ ವಾರಗಳಲ್ಲಿ ದೊಡ್ಡ ಪ್ರಯೋಗಗಳನ್ನು ಮುಂದೂಡುವುದೂ ವಿವೇಕವೇ. ಬೆಂದ ತಟ್ಟೆ ನಾಲ್ಕು ದಿನ ಕಾದರೆ ದುರ್ವಾಸನೆ ಬಂದೀತು, ರೋಗ ಬಾರದು. ಬೇಯದ ತಟ್ಟೆಯ ವಿಷಯದಲ್ಲಿ ಹಾಗೆನ್ನುವಂತಿಲ್ಲ.

ತಟ್ಟೆಯಲ್ಲಿ ಏನಿದೆಯೆಂದು ಅದನ್ನು ಬೆಳೆಸಿದ ವಿದ್ಯಾರ್ಥಿಗೆ ತಿಳಿದಿರುತ್ತದೆ. ಸಂಜೆ ಬಂದು ಬುಟ್ಟಿಯನ್ನೆತ್ತುವ ಕೆಲಸದವಳಿಗೆ, ಚೀಲವನ್ನು ಬಂಡಿಗೆ ಹಾಕುವ ಪೌರಕಾರ್ಮಿಕನಿಗೆ, ಅಳಿವೆಯಲ್ಲಿ ಮೊಳಕಾಲುದ್ದದ ನೀರಿನಲ್ಲಿ ನಿಂತು ಬೆಳಚು ಹೆಕ್ಕುವವರಿಗೆ ಅದು ತಿಳಿಯುವ ಬಗೆಯಿಲ್ಲ. ಬಲ್ಲವನ ಕೈಯಿಂದ ಅರಿಯದವರ ಕೈಗೆ ದಾಟುವ ಮುನ್ನ ಕಶ್ಮಲವು ನಿರ್ಜೀವವಾಗಿರಬೇಕು. ಪ್ರಯೋಗದ ಪುಸ್ತಕದಲ್ಲಿ ಫಲಿತಾಂಶವನ್ನು ಬರೆದ ಸಾಲಿನ ಕೆಳಗೆ, ತಟ್ಟೆಗಳನ್ನು ಯಾವ ದಿನ, ಎಷ್ಟು ಹೊತ್ತು, ಎಷ್ಟು ಡಿಗ್ರಿಯಲ್ಲಿ ಬೇಯಿಸಲಾಯಿತೆಂಬ ಇನ್ನೊಂದು ಸಾಲನ್ನೂ ಬರೆಯಿಸುವ ಅಧ್ಯಾಪಕರು ತಮ್ಮ ಶಿಷ್ಯರಿಗೆ ವಿಜ್ಞಾನವನ್ನು ಪೂರ್ತಿಯಾಗಿ ಕಲಿಸಿದವರಾಗುತ್ತಾರೆ.